ಸೊಸೆಯ ಅಳತೆಯ ಚೀಲ

ಕೂಸನ್ನು ಎದೆಗೆ ಕಟ್ಟಿಕೊಂಡು ನಮ್ಮೂರು ಕೈಲಾಂಚದಿಂದ ಹೊರಟವನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕು ಸುತ್ತಿ, ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ವಾಪಸ್ಸು ಬಂದು ಉರಿ ಆರಿಸಿದ್ದೇನೆ. ಅದೂ ಕಾಲ್ನಡಿಗೆಯಲ್ಲಿ. ನಡುವೆ ಚನ್ನಪಟ್ಟಣದಲ್ಲಿ ಕೂಸಿಗೊಂದು ಮರದ ಗಿಲಕಿ ಕೊಳ್ಳಲು ನಿಂತು ಚೌಕಾಸಿ ಮಾಡಿದ್ದರಿಂದ ಒಂದಿಷ್ಟು ತಡವಾಯಿತು. ಇಲ್ಲದಿದ್ದರೆ ನಾನು ಬರುವಷ್ಟರಲ್ಲಿ ಹಾಲು ಬೆಚ್ಚಗೂ ಆಗಿರುತ್ತಿರಲಿಲ್ಲ. ನಂಬದವರು ನಮ್ಮೂರ ಡೈರಿಯಲ್ಲಿ ಕೇಳಬಹುದು. ಅಲ್ಲಿ ಇದನ್ನು ದಿನಾ ಹೇಳುವವನು ನಾನೇ.

ಕೆಂಪಯ್ಯ ಅಂದರೆ ನಾನು. ನಲವತ್ತು ವರ್ಷ ಕುರಿ ಕಾಯ್ದವನು. ದಾರಿಯಲ್ಲಿ ಹುಟ್ಟಿದ ಮರಿಗಳನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡರೆ ಒಂದೇ ಸಲಕ್ಕೆ ಒಂಬತ್ತು ಹೊರುತ್ತಿದ್ದೆ. ಹತ್ತನೆಯದು ತಾನಾಗಿಯೇ ಬಂದು ಹತ್ತಿಕೊಳ್ಳುತ್ತಿತ್ತು. ಆದ್ದರಿಂದ ಸೊಸೆ ಸಿಂಧು ಬಿಡದಿಯ ಕಾರ್ಖಾನೆ ಕೆಲಸಕ್ಕೆ ಮತ್ತೆ ಹೋಗುವ ಮಾತು ಬಂದಾಗ, "ಕೂಸ ನಂಗೆ ಬುಡವ್ವ, ನನ್ನ ನಾಕು ಮಕ್ಳನ್ನೂ ಈ ಬೆನ್ಮೇಲೇ ಸಾಕಿವ್ನಿ" ಅಂದುಬಿಟ್ಟೆ. ಅಲ್ಲ ಅನ್ನಲು ನನ್ನ ಹೆಂಡತಿ ಶಿವಲಕ್ಷ್ಮಿ ಬದುಕಿರಲಿಲ್ಲ. ಹಾಲಿನ ವ್ಯಾನ್ ಓಡಿಸುವ ಮಗ ಸಿದ್ದರಾಮುವಿಗೆ, ಪುಣ್ಯಕ್ಕೆ, ಕೂಸಾಗಿದ್ದ ಕಾಲದ ನೆನಪಿಲ್ಲ.

ಮೊಮ್ಮಗಳು ಪುಟ್ಟಿಗೆ ಏಳು ತಿಂಗಳು. ತಾಯಿಯ ಎದೆ ಬಿಟ್ಟು ಬೇರೆಲ್ಲೂ ಹಾಲು ಕುಡಿಯದ ಕೂಸು. ಸಿಂಧುವಿನ ರಜೆ ಮುಗಿದಿತ್ತು. ಕಾರ್ಖಾನೆಯ ಯೂನಿಫಾರಂ ಅನ್ನು ಈ ಏಳು ತಿಂಗಳಲ್ಲಿ ಅವಳು ಎಷ್ಟು ಸಲ ಇಸ್ತ್ರಿ ಮಾಡಿ ಮಡಿಸಿಟ್ಟಳೋ, ನಾನು ನೋಡಿದ್ದೇನೆ.

"ಮಾವ, ಒಂದು ದಿನ ನೋಡ್ತೀನಿ," ಅಂದಳು. "ಪುಟ್ಟಿ ನಿಮ್ಮತ್ರ ಬಾಟ್ಲಲ್ಲಿ ಕುಡುದ್ರೆ ಕೆಲ್ಸ. ಇಲ್ದಿದ್ರೆ ಬುಟ್ಬುಡ್ತೀನಿ ಅಂತ ಬರ್ಕೊಟ್ಟು ಬತ್ತೀನಿ."

ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲವೊಂದನ್ನು ಅವಳು ಕೊರಿಯರ್‌ನಲ್ಲಿ ತರಿಸಿದ್ದಳು. ಹೆಗಲಿಗೆ ಎರಡು ಪಟ್ಟಿ, ಸೊಂಟಕ್ಕೊಂದು ಪಟ್ಟಿ, ಅದಕ್ಕೊಂದು ಕ್ಲಿಪ್ಪು. ಅದರಲ್ಲಿ ಕೂತರೆ ಪುಟ್ಟಿ ಸುಮ್ಮನಾಗುತ್ತಿದ್ದಳು. ಪಟ್ಟಿಯನ್ನು ನನ್ನ ಅಳತೆಗೆ ಹೇಗೆ ಸಡಿಲಿಸಬೇಕೆಂದು ಸಿಂಧು ತೋರಿಸಲು ಬಂದಳು. ಕುರಿ ಕಾಯುವವನಿಗೆ ಕಟ್ಟುವುದನ್ನು ಕಲಿಸಬೇಡ ಎಂದು ಅವಳನ್ನು ಕಂಪನಿ ಬಸ್ಸಿಗೆ ಕಳಿಸಿದೆ.

ಪುಟ್ಟಿ ಎದ್ದಳು. ಸುತ್ತ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ಅಳು ಎಂಥದೆಂದರೆ ಮಾಗಡಿಯಲ್ಲಿ ಬಾಗಿಲು ಹಾಕಿಕೊಂಡರಂತೆ. ನಾನು ಚೀಲ ಕಟ್ಟಿಕೊಳ್ಳಲು ಹೋದೆ. ಸೊಂಟದ ಪಟ್ಟಿಯ ಎರಡು ತುದಿಗಳು ನನ್ನ ಹೊಟ್ಟೆಯ ಆಚೆಗೊಂದು ಈಚೆಗೊಂದು, ಭಾಗ ಆದ ಅಣ್ಣತಮ್ಮಂದಿರ ಹಾಗೆ ನಿಂತವು. ಒಂದಕ್ಕೊಂದು ಕೂಡಲೇ ಇಲ್ಲ. ಎಳೆದೆ, ಉಸಿರು ಬಿಗಿ ಹಿಡಿದೆ, ಗೋಡೆಗೆ ಒರಗಿ ಹೊಟ್ಟೆಯನ್ನು ಒಳಗೆ ತಳ್ಳಿದೆ. ಕೊನೆಗೆ ಚೀಲವನ್ನು ಮೊಳೆಗೆ ನೇತುಹಾಕಿ ಕಂಬಳಿ ತೆಗೆದೆ. ಉಣ್ಣೆ ಚುಚ್ಚಿ ಕೂಸಿನ ಕತ್ತು ಕೆಂಪಾಯಿತು. ಅದನ್ನೂ ಬಿಚ್ಚಿದೆ. ಬಾಟಲಿ ಕೊಟ್ಟರೆ ನಾಲಿಗೆಯಲ್ಲೇ ತಳ್ಳಿದಳು.

ಗೋಡೆಯಾಚೆಯಿಂದ ಪಕ್ಕದ ಮನೆಯ ಅಂಬುಜಮ್ಮ ಕೂಸು ಯಾಕೆ ಅಳುತ್ತಿದೆ ಎಂದು ಕೇಳಿದಳು. ಅಳುತ್ತಿಲ್ಲ, ಹಾಡುತ್ತಿದೆ ಅಂದೆ.

"ರಾಗ ಚೆನ್ನಾಗದೆ," ಅಂದಳು ಆಕೆ. "ಇತ್ತಾಗೆ ಕೊಡು, ಒಸಿ ಹೊತ್ತು ನಾನೂ ಕೇಳ್ತೀನಿ."

ಕೊಡಬಹುದಿತ್ತು. ಆದರೆ ಹಿಂದಿನ ದಿನವಷ್ಟೇ ಡೈರಿಯಲ್ಲಿ, ಆಕೆಯ ಎದುರಿಗೇ, ಹೆಂಗಸರಿಗೆ ಕೂಸು ಹೊರುವುದು ಗೊತ್ತಿಲ್ಲ ಎಂದು ಅರ್ಧ ಗಂಟೆ ಭಾಷಣ ಮಾಡಿದ್ದೆ.

ಒಂಬತ್ತಕ್ಕೆ ಸಿಂಧುವಿನ ಫೋನು ಬಂತು. ಕೂಸನ್ನು ಎತ್ತಿಕೊಂಡು ಕುರಿದೊಡ್ಡಿಗೆ ಓಡಿದೆ. ಕೇಳುತ್ತಿರುವುದು ಪುಟ್ಟಿಯ ಅಳುವಾ ಅಂದಳು. ಕುರಿಮರಿ ಅಂದೆ. ಕುಡಿದಳಾ ಅಂದಳು. ಬಾಟಲಿ ಪೂರ್ತಿ ಅಂದೆ. ಆ ಕಡೆ ಅವಳು ಉಸಿರು ಬಿಟ್ಟಿದ್ದು ನನ್ನ ಕಿವಿಗೆ ತಾಗಿತು.

ಹನ್ನೊಂದರ ಹೊತ್ತಿಗೆ ಪುಟ್ಟಿಯ ಗಂಟಲು ಕಟ್ಟಿ ಅಳು ಸಣ್ಣಗಾಯಿತು. ಆಮೇಲೆ ಬರೀ ಬಿಕ್ಕು. ತುಟಿ ಒಣಗಿತ್ತು. ಮರಿ ಅರಚುವಷ್ಟು ಹೊತ್ತು ಭಯವಿಲ್ಲ. ಅದು ಅರಚುವುದನ್ನು ಬಿಟ್ಟಾಗ ಏನೆಂದು ನನಗೆ ಗೊತ್ತು. ಆ ಒಂದು ಸಂಗತಿಯನ್ನು ದೊಡ್ಡದು ಮಾಡಿ ಹೇಳಲು ನನಗೆ ಬರುವುದಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತೆ. ನಲವತ್ತು ವರ್ಷದ ಕಸುಬಿನಲ್ಲಿ ಕೈಗೆ ಸಿಗುವಂಥದ್ದು ಏನೂ ಹೊಳೆಯಲಿಲ್ಲ.

ಆಮೇಲೆ ಒಂದು ಹೊಳೆಯಿತು. ಅದೇನೆಂದು ಹೇಳುವುದಿಲ್ಲ, ಕಸುಬಿನ ಗುಟ್ಟು. ಪುಟ್ಟಿ ಹಾಲು ಕುಡಿದು ಮಲಗಿದಳು ಅಂತಲೇ ಇಟ್ಟುಕೊಳ್ಳಿ.

ನಾಲ್ಕು ಗಂಟೆಗೆ ಸಿಂಧು ಬಂದವಳು ಕೈಕಾಲು ತೊಳೆದು ಕೂಸನ್ನು ಮಡಿಲಿಗೆ ಎಳೆದುಕೊಂಡಳು. ನಾನು ಖಾಲಿ ಬಾಟಲಿ ತೋರಿಸಿ, ಕೂಸನ್ನು ಆ ಚೀಲದಲ್ಲಿ ಕೂರಿಸಿಕೊಂಡು ನಾಲ್ಕು ತಾಲ್ಲೂಕು ಸುತ್ತಿದ ಕಥೆಯನ್ನು ಹೇಳುತ್ತಾ ಹೋದೆ. ಅವಳು ಕೇಳಲಿಲ್ಲ. ಪುಟ್ಟಿ ಎರಡು ಕೈಯಲ್ಲೂ ತಾಯಿಯ ರವಿಕೆ ಹಿಡಿದು, ಯಾರೋ ಕಿತ್ತುಕೊಳ್ಳುತ್ತಾರೆಂಬಂತೆ ಕುಡಿಯುತ್ತಿದ್ದಳು. ಸಿಂಧು ಅವಳನ್ನೇ ನೋಡುತ್ತಿದ್ದಳು. ಕುಡಿಸಿದ ಮೇಲೆ ಎದ್ದು ಮೊಳೆಯಿಂದ ಚೀಲ ತೆಗೆದಳು.

"ಪಟ್ಟಿ ನಾನು ಬಿಗ್ದಂಗೇ ಐತೆ. ಇಂಗಿದ್ರೆ ಇದು ನಿಮ್ಮ ಸೊಂಟಕ್ಕೆ ಬರಾದೇ ಇಲ್ಲ ಮಾವ."

ಚನ್ನಪಟ್ಟಣದ ಗಿಲಕಿಯ ವಿಷಯ ಎತ್ತಿದೆ. ಅವಳು ಹಗ್ಗದ ಮೇಲಿದ್ದ ತನ್ನ ನೈಟಿಯನ್ನು ಎಳೆದುಕೊಂಡು ಮೂಸಿದಳು.

"ಇದು ಯಾಕೆ ಬೀಡಿ ವಾಸ್ನೆ ಹೊಡೀತದೆ? ಕಂಕುಳ ಹೊಲಿಗೆ ಬೇರೆ ಬಿಟ್ಟೋಗದೆ." ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ. "ಎಷ್ಟು ಕುಡುದ್ಲು ಮಾವ? ಅದೊಂದು ನಿಜ ಹೇಳಿ."

"ಬಾಟ್ಲಲ್ಲಿ ಒಂದು ಗೆರೆ ಇಳೀತು ಕಣವ್ವ," ಅಂದೆ. "ಮಿಕ್ಕುದ್ದ ಮರಿಗೆ ಹುಯ್ದೆ."

ಹೇಳಿದ ಮೇಲೆ ಉಳಿದದ್ದೂ ಹೊರಬಂತು. ತಬ್ಬಲಿ ಮರಿಯನ್ನು, ಮರಿ ಕಳಕೊಂಡ ಬೇರೊಂದು ಕುರಿ ತನ್ನ ಹತ್ತಿರ ಬಿಟ್ಟುಕೊಳ್ಳದಿದ್ದಾಗ, ಆ ಕುರಿಯ ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಹೊದಿಸುತ್ತೇವೆ. ತನ್ನದರ ವಾಸನೆ ಸಿಕ್ಕಿದರೆ ಕುರಿ ಮೊಲೆ ಕೊಡುತ್ತದೆ. ನನಗೆ ತಿಳಿದದ್ದು ಅದೊಂದೇ. ಸಿಂಧು ಬೆಳಿಗ್ಗೆ ಬಿಚ್ಚಿಟ್ಟು ಹೋಗಿದ್ದ ನೈಟಿಯನ್ನು ನಾನು ತೊಟ್ಟೆ. ಅವಳ ಹಳೆಯ ಸೀರೆಯಲ್ಲಿ ಕೂಸನ್ನು ಎದೆಗೆ ಕಟ್ಟಿಕೊಂಡೆ. ಪುಟ್ಟಿ ಬಟ್ಟೆಯಲ್ಲಿ ಮೂಗು ಹುದುಗಿಸಿ ಹುಡುಕಿದಳು, ಏನೂ ಸಿಗಲಿಲ್ಲ. ಆಗ ಬಾಟಲಿ ಇಟ್ಟೆ. ಒಂದು ಗೆರೆ ಕುಡಿದು, ಸೋತು ಮಲಗಿದಳು. ಕೂತರೆ ಎದ್ದುಬಿಟ್ಟಾಳೆಂದು ಮೂರೂವರೆಯವರೆಗೂ ಹಿತ್ತಲಿನ ಹಿಪ್ಪುನೇರಳೆ ಸಾಲಿನಲ್ಲಿ ನಡೆದೆ. ನಾಲ್ಕು ತಾಲ್ಲೂಕು ಅಂದರೆ ಆ ನಾಲ್ಕು ಸಾಲು. ಅಂಬುಜಮ್ಮ ಗೋಡೆಯ ಮೇಲಿಂದ ನನ್ನ ಆ ವೇಷವನ್ನು ನೋಡಿದಳು. ಏನೂ ಅನ್ನದೆ ಒಳಗೆ ಹೋದಳು. ಅಂದಿದ್ದರೆ ವಾಸಿಯಿತ್ತು.

"ನನ್ ಕೈಲಿ ಆಗ್ನಿಲ್ಲ ಕಣವ್ವ," ಅಂದೆ.

ಸಿಂಧು ಕೆಲಸದ ವಿಷಯ ಎತ್ತಲಿಲ್ಲ. ಆಮೇಲೆ ಚೀಲದ ಪಟ್ಟಿಯನ್ನು ತುದಿಯವರೆಗೂ ಎಳೆದು ಸಡಿಲಿಸಿದಳು. "ಕೈ ಎತ್ತಿ," ಅಂದಳು. ಎತ್ತಿದೆ. ನನ್ನ ಹೊಟ್ಟೆಯ ಸುತ್ತ ತಂದು ಕ್ಲಿಪ್ಪು ಒತ್ತಿದಳು. ಟಕ್ ಎಂದು ಕೂತಿತು, ಇನ್ನೂ ನಾಲ್ಕು ಬೆರಳು ಪಟ್ಟಿ ಉಳಿದಿತ್ತು.

ಹೆಗಲಿನ ಪಟ್ಟಿ ಸರಿಮಾಡುತ್ತಾ, ನನ್ನ ಮುಖ ನೋಡದೆ ಕೇಳಿದಳು: "ನಿಮ್ಮ ನಾಕು ಮಕ್ಳನ್ನ ಎಂಗೆ ಕಟ್ಕತಿದ್ರಿ ಮಾವ, ಎದೆಗೋ ಬೆನ್ಗೋ?"

ಎರಡು ಕೈಯೂ ಮೇಲಿದ್ದವು. ಇಳಿಸಲು ಅವಳು ಇನ್ನೂ ಹೇಳಿರಲಿಲ್ಲ.

"ಒಂದ್ನೂ ಹೊತ್ತಿಲ್ಲ ಕಣವ್ವ," ಅಂದೆ. "ಎಲ್ಲಾನೂ ನಿಮ್ಮತ್ತೇನೇ ಹೊತ್ಲು. ನಾನು ಹೊತ್ತಿದ್ದು ಬರೀ ಕುರಿಮರಿ."