ಕುರುಗೋಡಿನ ದೀಪ ಹೆಚ್ಚಾದದ್ದು

ಟೆಲಿಫೋನ್ ರಿಪೇರಿ ಮಾಡುವವನಿಗೆ ತಂತಿಯ ವಿದ್ಯೆ ಗೊತ್ತಿದ್ದರೆ ಸಾಕೇ? ಸಾಲದು ಸ್ವಾಮಿ, ಅಡುಗೆಮನೆಯ ಮಾತೂ ಒಂದಿಷ್ಟು ಗೊತ್ತಿರಬೇಕು. ಇಲ್ಲದಿದ್ದರೆ ಬಳ್ಳಾರಿಯ ಹಾಲಸಿದ್ದಪ್ಪನಿಗೆ ಆದ ಗತಿಯೇ ಆಗುತ್ತದೆ.

ಹಾಲಸಿದ್ದಪ್ಪ ಕೆಲಸ ಬಾರದವನೇನಲ್ಲ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಮೈಸೂರಿಗೆ ಹೋಗಿ ತರಬೇತಿ ಮುಗಿಸಿ ಬಂದಿದ್ದ. ಬಳ್ಳಾರಿಯ ಎಕ್ಸ್‌ಚೇಂಜಿನಲ್ಲಿ ಪರೀಕ್ಷೆಯ ಮೇಜಿನ ಮುಂದೆ ಕೂತು, ಸುತ್ತಲಿನ ಊರುಗಳ ತಂತಿಗಳಿಗೆಲ್ಲ ಕೂತಲ್ಲಿಂದಲೇ ಮದ್ದು ಅರೆಯುತ್ತಿದ್ದ. ಕೊರತೆಯೆಂದರೆ ಒಂದೇ. ಕೂಸಿದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಹೋಗಿ, ಹಲಕುಂದಿಯ ಮಠದಲ್ಲಿ ಬೆಳೆದಿದ್ದ. ಅಲ್ಲಿ ಅಡುಗೆಯವರೂ ಗಂಡಸರು, ನೀರು ಹೊರುವವರೂ ಗಂಡಸರು. ಈಗ ಕೌಲ್ ಬಜಾರಿನಲ್ಲಿ ಕೋಣೆ ಹಿಡಿದು ಖಾನಾವಳಿಯಲ್ಲಿ ಉಣ್ಣುತ್ತಿದ್ದ, ಅಲ್ಲಿ ಬಡಿಸುವವರೂ ಗಂಡಸರೇ. ಹೆಂಗಸರು ಆಳುವ ಮನೆಯಲ್ಲಿ ಮಾತು ಹೇಗೆ ನಡೆಯುತ್ತದೆ ಎನ್ನುವುದು ಪಾಪ, ಅವನ ಕಿವಿಗೆ ಬಿದ್ದಿರಲೇ ಇಲ್ಲ.

ಇತ್ತ ಕುರುಗೋಡಿನ ಎಕ್ಸ್‌ಚೇಂಜ್ ಎಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಕೊಟ್ರಬಸಪ್ಪ ಎನ್ನುವವನ ಮನೆಯ ಪಡಸಾಲೆಗೆ ಹತ್ತಿದ ಒಂದು ಬಾಡಿಗೆ ಕೋಣೆ. ಅದರಲ್ಲಿ ಒಂದು ಹಲಗೆ, ಹಲಗೆಯ ತುಂಬ ತೂತು, ಒಂದೊಂದು ತೂತಿನ ಮೇಲೂ ಕಡಲೆಕಾಳಿನಷ್ಟು ದೀಪ. ಹಲಗೆಯ ಮುಂದೆ ಕೂತು ಊರಿನವರಿಗೆ ಲೈನ್ ಕೂಡಿಸಿಕೊಡುವವಳು ಕೊಟ್ರಬಸಪ್ಪನ ಮಗಳು ವಿರೂಪಮ್ಮ. ಬಳ್ಳಾರಿಯ ತೂತಿಗೆ ಅವಳು ವೈರು ಚುಚ್ಚಿದರೆ, ಆ ತುದಿಯಲ್ಲಿ ಯಾರಾದರೂ ಇರುವಷ್ಟು ಹೊತ್ತು ದೀಪ ಉರಿಯಬೇಕು. ಅವರು ಫೋನ್ ಇಟ್ಟ ಕೂಡಲೇ ಆರಬೇಕು. ಸಿರುಗುಪ್ಪದವರೊಡನೆ ಮಾತಾಡುವುದಿದ್ದರೂ ಬಳ್ಳಾರಿಯ ಮೇಲೆ ಹಾಯ್ದೇ ಹೋಗಬೇಕು. ಆ ಬೇಸಿಗೆಯಲ್ಲಿ ಈ ಬಳ್ಳಾರಿ ದೀಪಕ್ಕೆ ಏನು ಗರ ಬಡಿಯಿತೋ, ಲೈನ್ ಚೆನ್ನಾಗಿ ಇದ್ದಾಗಲೂ ಉರಿಯದೆ ಮುಖ ಗಂಟು ಹಾಕಿಕೊಂಡು ಕೂತಿತು.

ವಿರೂಪಮ್ಮ ಬಳ್ಳಾರಿಗೆ ದೂರು ಕೊಟ್ಟಳು. ಹಾಲಸಿದ್ದಪ್ಪ ತಾನೇ ಲೈನಿಗೆ ಬಂದ. ಈಗ ನಾನು ಈ ತುದಿಯಲ್ಲಿದ್ದೇನೆ, ನಿಮ್ಮ ಹಲಗೆಯ ಮೇಲೆ ದೀಪ ಹೇಗಿದೆ ನೋಡಿ ಹೇಳಿ ಎಂದು ಕೇಳಿದ.

"ದೀಪ ಹೆಚ್ಚಾಗೈತ್ರಿ," ಎಂದಳು ವಿರೂಪಮ್ಮ.

ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಬ್ಬಿಯಲ್ಲಿ ಉಪ್ಪು ಮುಗಿದರೆ ಮುಗಿಯಿತು ಅನ್ನಬಾರದು, ಹೆಚ್ಚಾಗಿದೆ ಅನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಾಯಿತು. ಮನೆ ಬಿಟ್ಟು ಹೋಗುವವರೂ ಬರ್ತೀನಿ ಎಂದೇ ಹೊರಡಬೇಕು. ಇನ್ನು ದೀಪ ಆರಿತು ಎಂದು ಹೆಣ್ಣುಮಗಳ ಬಾಯಲ್ಲಿ ಬರುವುದುಂಟೇ? ಅದು ದೇವರ ಮುಂದಿನದಾಗಲಿ, ಸರ್ಕಾರದ ಹಲಗೆಯ ಮೇಲಿನದಾಗಲಿ, ದೀಪ ದೀಪವೇ. ವಿರೂಪಮ್ಮನಂತೂ ತಾಯಿ ವೀರಭದ್ರಮ್ಮನ ಕೈಯಲ್ಲಿ ಪಳಗಿದವಳು, 'ಇಲ್ಲ' ಎನ್ನುವ ಪದವನ್ನೇ ನಾಲಗೆಯ ಹತ್ತಿರ ಬಿಟ್ಟುಕೊಂಡವಳಲ್ಲ.

ಹಾಲಸಿದ್ದಪ್ಪನಿಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ದೀಪ ಹೆಚ್ಚಾಗಿದೆಯಂತೆ, ಅಂದರೆ ಕರೆಂಟು ಹೆಚ್ಚು ಹೋಗುತ್ತಿದೆ ಎಂದು ಲೆಕ್ಕ ಹಾಕಿ, ತನ್ನ ತುದಿಯಲ್ಲಿ ಒಂದು ಸುರುಳಿ ಸೇರಿಸಿ ಕರೆಂಟು ತಗ್ಗಿಸಿದ. ಮಾರನೆಯ ದಿನ ಕೇಳಿದರೆ ಆಗಲೂ ಹೆಚ್ಚಾಗಿದೆ ಎಂದೇ ಉತ್ತರ. ಇನ್ನೊಂದು ಸುರುಳಿ ಸೇರಿಸಿದ. ಅವನು ತಗ್ಗಿಸಿದಷ್ಟೂ ಕುರುಗೋಡಿನವರ ದನಿ ಸೊಳ್ಳೆಯ ದನಿಯಾಯಿತು. ಅಲ್ಲಿನ ಹತ್ತಿ ವ್ಯಾಪಾರಿಗಳು ಫೋನ್ ಹಿಡಿದು ಕೊರಳ ನರ ಹರಿಯುವಂತೆ ಕೂಗತೊಡಗಿದರು. ಅಷ್ಟು ಕೂಗುವುದಾದರೆ ಫೋನ್ ಯಾಕೆ, ಮಾಳಿಗೆ ಹತ್ತಿ ನಿಂತಿದ್ದರೆ ಸಿರುಗುಪ್ಪಕ್ಕೆ ನೇರ ಕೇಳಿಸುತ್ತಿತ್ತು.

ಜೊತೆಯಲ್ಲಿದ್ದ ಹಿರಿಯ ಲೈನ್‌ಮನ್ ದಾವಲಸಾಬ್, ಕುರುಗೋಡೇನು ಕಾಶಿಯಲ್ಲಿಲ್ಲ, ಬಸ್ಸು ಹತ್ತಿ ಹೋಗಿ ಕಣ್ಣಾರೆ ನೋಡಿ ಬಾ ಎಂದು ದಿನಕ್ಕೊಮ್ಮೆ ಬೈಯುತ್ತಿದ್ದ. ಹಾಲಸಿದ್ದಪ್ಪ ಒಪ್ಪಲಿಲ್ಲ. ಕೂತಲ್ಲೇ ಸರಿಮಾಡುತ್ತೇನೆ ಎನ್ನುವುದು ಅವನ ಹಟ. ಹಟದ ಹಿಂದೆ ಇನ್ನೊಂದು ಸಂಗತಿ ಇತ್ತು, ಅದನ್ನು ಅವನು ದಾವಲಸಾಬನಿಗೂ ಹೇಳಿರಲಿಲ್ಲ.

ಏನೆಂದರೆ, ದಿನದ ವಿಚಾರಣೆ ಮುಗಿದ ಮೇಲೆ ವಿರೂಪಮ್ಮ ಹಲಗೆಯ ಕಡೆ ನೋಡುತ್ತಿದ್ದಳು. ದೀಪ ಎಂದಿನಂತೆ ಕಪ್ಪಗೇ ಇರುತ್ತಿತ್ತು. ಮಾತು ಮುಗಿಯಿತಲ್ಲ, ಆ ಕಡೆಯವರು ಫೋನ್ ಇಟ್ಟಿರಬೇಕು ಎಂದುಕೊಂಡು ಅವಳು ವೈರು ಕೀಳದೆ, ಕಿವಿಗೂ ಕೊರಳಿಗೂ ಕಟ್ಟಿಕೊಂಡ ಫೋನನ್ನೂ ಬಿಚ್ಚದೆ ತನ್ನ ಪಾಡಿಗೆ ಹಾಡಲು ಶುರುಮಾಡುತ್ತಿದ್ದಳು. ಮೊದಲ ದಿನ ಹಾಲಸಿದ್ದಪ್ಪ, ಅಮ್ಮಾ ನಾನಿನ್ನೂ ಇಲ್ಲೇ ಇದ್ದೇನೆ ಎಂದು ಹೇಳಲು ಬಾಯಿ ತೆರೆದ. ಆ ಹೊತ್ತಿಗೆ ಅವಳು ಹಾಡು ನಿಲ್ಲಿಸಿ, ಕೋಣೆಗೆ ನುಗ್ಗಿ ರಸೀದಿ ಮೇಯುತ್ತಿದ್ದ ಆಡಿಗೆ, ತಿನ್ನವ್ವಾ ತಾಯಿ, ನಿನ್ನ ಹೊಟ್ಟೆಗೇ ಟ್ರಂಕ್ ಕಾಲ್ ಹಾಕುತ್ತೇನೆ ಎಂದು ಬೈದಳು. ಹಾಲಸಿದ್ದಪ್ಪ ತೆರೆದ ಬಾಯಿ ಮುಚ್ಚಿದ. ಮುಚ್ಚಿದ್ದು ಮುಚ್ಚಿಯೇ ಹೋಯಿತು. ತಪ್ಪೇ ಅನ್ನಿ, ಅಲ್ಲ ಅಂದವರಾರು? ಆದರೆ ಹುಟ್ಟಿದಾರಭ್ಯ ಮನೆಯ ಸದ್ದು ಕೇಳದವನು ಅವನು. ರೊಟ್ಟಿ ತಟ್ಟುವ ಸಪ್ಪಳ, ತಾಯಿ ಮಗಳ ಜಗಳ, ಜಗಳದ ನಡುವೆಯೇ ನಗು, ಎಲ್ಲ ಒಂದು ತಂತಿಯಲ್ಲಿ ಹರಿದು ಬಂದು ಅವನ ಕಿವಿ ತುಂಬಿತು. ಅವನಿಗೆ ಆ ಮನೆಯ ಮೇಲೆ ಪ್ರೀತಿಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ದನಿಯ ಮೇಲೆ. ವಿರೂಪಮ್ಮ ಎಂಬ ಹೆಸರು ಕೇಳಿ, ಹುಡುಗಿ ಹೇಗಿದ್ದಾಳೋ ಏನೋ ಎಂದು ಅರೆಗಳಿಗೆ ಅಂಜಿದ್ದೂ ಉಂಟು. ಆಮೇಲೆ, ಹಂಪಿ ವಿರೂಪಾಕ್ಷನ ಹೆಸರಿಟ್ಟಿದ್ದಾರಲ್ಲ ಮಾರಾಯ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡು ನಕ್ಕ.

ಹೀಗೆ ಸೊಳ್ಳೆಯ ದನಿಗೆ ಕಿವಿಯೊತ್ತಿ ಕೂತಿದ್ದಾಗಲೇ ಒಂದು ಶನಿವಾರ ಕೊಟ್ರಬಸಪ್ಪನ ಮಾತು ಕೇಳಿಸಿತು. ಸಿರುಗುಪ್ಪದ ಅಕ್ಕಿ ಗಿರಣಿಯವರು ವಿರೂಪಮ್ಮನನ್ನು ಯಾವುದೋ ಮದುವೆಯಲ್ಲಿ ನೋಡಿ ಒಪ್ಪಿದ್ದಾರೆ, ಸೋಮವಾರ ಮಧ್ಯಾಹ್ನದೊಳಗೆ ಫೋನ್ ಮಾಡಿ ನಮ್ಮ ಒಪ್ಪಿಗೆ ತಿಳಿಸಬೇಕು ಎಂದು ಅವನು ಹೆಂಡತಿಗೆ ಹೇಳುತ್ತಿದ್ದ. ಅದಾದ ಮೇಲೆ ವಿರೂಪಮ್ಮ ಹಾಡಲಿಲ್ಲ.

ಅವತ್ತು ಹಾಲಸಿದ್ದಪ್ಪ ಎಲ್ಲವನ್ನೂ ದಾವಲಸಾಬನ ಮುಂದೆ ಕಕ್ಕಿದ. ಹೆಣ್ಣು ಕೇಳಲು ಕಳಿಸೋಣ ಎಂದರೆ ತನಗೆ ಯಾರಿದ್ದಾರೆ, ತಂದೆಯೇ ತಾಯಿಯೇ, ಒಬ್ಬ ಸೋದರಮಾವನಾದರೂ ಇದ್ದಾನೆಯೇ, ಬರಿಗೈಯಲ್ಲಿ ಒಬ್ಬನೇ ಹೋಗಿ ನಿಂತವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಮೇಜಿನ ಮೇಲೆ ತಲೆಯಿಟ್ಟ. ದಾವಲಸಾಬ್ ಅಳುವುದಕ್ಕೂ ಬಿಡಲಿಲ್ಲ, ಬೈಯುವುದಕ್ಕೂ ಹೋಗಲಿಲ್ಲ. ದೀಪ ಕೆಟ್ಟಿದೆ, ರಿಪೇರಿಗೆ ಹೋಗುವುದು ನಮ್ಮ ಕೆಲಸ, ಸೋಮವಾರ ಮೊದಲ ಬಸ್ಸಿಗೆ ನಾನೂ ಬರುತ್ತೇನೆ ಎಂದ.

ಸೋಮವಾರ ಕುರುಗೋಡಿನಲ್ಲಿ ಇಳಿದರೆ, ಕೊಟ್ರಬಸಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟ್ಟೆಯ ಮೇಲೆ ಚಡಪಡಿಸುತ್ತ ಕೂತಿದ್ದ. ಮುಂಜಾನೆಯಿಂದ ಸಿರುಗುಪ್ಪಕ್ಕೆ ಫೋನ್ ಮಾಡಬೇಕೆಂದರೆ ದೀಪವೇ ಉರಿಯುತ್ತಿಲ್ಲ, ಲೈನ್ ಸಿಕ್ಕಿದೆಯೋ ಬಿಟ್ಟಿದೆಯೋ ತಿಳಿಯುತ್ತಿಲ್ಲ. ರಿಪೇರಿಯವರು ಎಂದು ತಿಳಿದದ್ದೇ ತಡ, ಮನೆಯಲ್ಲಿ ಶುಭಕಾರ್ಯ ಇದೆ, ಲಗೂನ ಮಾಡಿಕೊಡಿ ಎಂದು ಕೈ ಹಿಡಿದು ಒಳಗೆ ಕರೆದೊಯ್ದ. ಹಾಲಸಿದ್ದಪ್ಪ ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯಬೇಕು ನೋಡಿ.

ಹಲಗೆಯ ಮುಂದೆ ವಿರೂಪಮ್ಮ ಕೂತಿದ್ದಳು. ಹಣೆಯ ಮೇಲೆ ವಿಭೂತಿ, ಕೊರಳಿಗೆ ಫೋನು, ಕಣ್ಣಿನಲ್ಲಿ ಯಾರನ್ನೋ ಆಡಿಸಲು ಕಾದಿರುವಂಥ ತುಂಟತನ. ಹಾಲಸಿದ್ದಪ್ಪ ಒಮ್ಮೆ ನೋಡಿ ಮೈಸೂರಿನಲ್ಲಿ ಕಲಿತದ್ದೆಲ್ಲ ಮರೆತ. ಸಾವರಿಸಿಕೊಂಡು ದೀಪದ ಕಡೆ ತಿರುಗಿದರೆ ಅದು ಇದ್ದಲಿನ ಚೂರಿನಂತೆ ಕಪ್ಪಗಿತ್ತು. ದೀಪ ಹೆಚ್ಚಾಗಿದೆ ಅಂದಿರಲ್ಲ ಎಂದು ಕೇಳಿದ. ಹೌದು, ಹೆಚ್ಚಾಗಿದೆಯಲ್ಲ, ನೋಡಿ ಎಂದು ಅವಳು ಆ ಕಪ್ಪು ದೀಪಕ್ಕೇ ಬೆರಳು ತೋರಿಸಿದಳು. ಅವನು ದೀಪ ನೋಡಿದ, ಅವಳನ್ನು ನೋಡಿದ, ಹುಚ್ಚು ಹಿಡಿದಿರುವುದು ತನಗೋ ಅವಳಿಗೋ ತಿಳಿಯದೆ ದಾವಲಸಾಬನನ್ನು ನೋಡಿದ.

ಅಷ್ಟರಲ್ಲಿ ಒಳಗಿನಿಂದ ವೀರಭದ್ರಮ್ಮನ ದನಿ ಬಂತು, ಚಹಾಕ್ಕೆ ಸಕ್ಕರೆ ಹೆಚ್ಚಾಗಿದೆ, ಏನು ಮಾಡಲಿ ಎಂದು. ಹಾಲಸಿದ್ದಪ್ಪ ಮರ್ಯಾದೆಯ ಹುಡುಗ. ಇರಲಿ ತಾಯಿ, ನನಗೆ ಸಿಹಿ ಎಂದರೆ ಬಲು ಇಷ್ಟ, ಹಾಗೇ ಕೊಡಿ ಎಂದ. ಆಮೇಲೆ ಚಹಾ ಬಂತು. ಒಂದು ಗುಟುಕು ಕುಡಿದವನ ಮುಖ ಬೇವಿನ ಸೊಪ್ಪು ಜಗಿದವನ ಹಾಗಾಯಿತು. ಸಕ್ಕರೆಯ ಒಂದು ಹರಳೂ ಅದರಲ್ಲಿರಲಿಲ್ಲ. ಅವನು ಲೋಟ ಹಿಡಿದುಕೊಂಡೇ ಹಲಗೆಯ ಕಡೆ ತಿರುಗಿದ, ಕಣ್ಣು ಅಗಲವಾಯಿತು.

"ಅಂದ್ರ ಇಷ್ಟು ದಿನಾ ದೀಪ ಆರಿತ್ತೇನ್ರಿ?" ಎಂದ.

ಒಳಗೆ ವೀರಭದ್ರಮ್ಮ ಬಿಡ್ತು ಅನ್ನಿ, ಬಿಡ್ತು ಅನ್ನಿ ಎಂದು ಗಲ್ಲ ಗಲ್ಲ ಬಡಿದುಕೊಂಡಳು. ದಾವಲಸಾಬ್ ನಗು ತಡೆಯಲಾಗದೆ ಹೊಸ್ತಿಲ ಮೇಲೆ ಕೂತೇಬಿಟ್ಟ. ವಿರೂಪಮ್ಮ ಸೆರಗು ಬಾಯಿಗೆ ತುರುಕಿಕೊಂಡಳು, ಹೆಗಲು ಮಾತ್ರ ಕುಣಿಯುತ್ತಿತ್ತು. ಹಾಲಸಿದ್ದಪ್ಪನಿಗೂ ನಾಚಿಕೆಗಿಂತ ಮುಂಚೆ ನಗುವೇ ಬಂತು.

ನಗು ಇಳಿದ ಮೇಲೆ ಸಂಕಟ ಹತ್ತಿತು. ದೀಪದ ಹಿಂದಿನ ಸ್ಪ್ರಿಂಗು ಕಿಲುಬು ಹಿಡಿದು ಸಡಿಲಾಗಿತ್ತು, ಉಜ್ಜಿ ಬಿಗಿದರೆ ಮುಗಿಯಿತು. ಬಿಗಿದರೆ ಲೈನ್ ಕಾಣುತ್ತದೆ, ಕಂಡರೆ ಕೊಟ್ರಬಸಪ್ಪ ಸಿರುಗುಪ್ಪಕ್ಕೆ ಹೂಂ ಅನ್ನುತ್ತಾನೆ, ಅಂದರೆ ಎಲ್ಲ ಮುಗಿಯಿತು. ಹೊಸ ಸಾಮಾನು ಬೇಕು, ವಾರ ಬಿಟ್ಟು ಬರುತ್ತೇನೆ ಎಂದು ಒಂದು ಸುಳ್ಳು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಆ ಹುಡುಗಿ ಎದುರಿಗೇ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಅವಳ ಮುಂದೆ ಸುಳ್ಳು ಹೇಳಲು ಅವನಿಗೆ ಆಗಲಿಲ್ಲ. ಸ್ಪ್ರಿಂಗು ಉಜ್ಜಿದ, ಬಿಗಿದ, ಬಳ್ಳಾರಿಯವರಿಗೆ ಹೇಳಿ ತಾನು ಸೇರಿಸಿದ್ದ ಸುರುಳಿಗಳನ್ನೆಲ್ಲ ತೆಗೆಸಿದ. ದೀಪ ಝಗ್ಗನೆ ಹತ್ತಿತು. ಹಾಲಸಿದ್ದಪ್ಪ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿ ಗೋಡೆಗೆ ಒರಗಿ ನಿಂತ.

ಕೊಟ್ರಬಸಪ್ಪ ಸಿರುಗುಪ್ಪಕ್ಕೆ ಹಚ್ಚು ಎಂದ. ವಿರೂಪಮ್ಮ ಬಳ್ಳಾರಿಯವರನ್ನು ಕೇಳಿ ಹಚ್ಚಿದಳು. ದೀಪ ಉರಿಯುತ್ತಲೇ ಇತ್ತು, ಆ ತುದಿಯಲ್ಲಿ ಗಿರಣಿಯ ಯಜಮಾನ ಬಂದು ಕಿವಿಗೊಟ್ಟು ನಿಂತದ್ದೂ ಆಯಿತು. ಆದರೆ ತಿಂಗಳುಗಟ್ಟಲೆ ಸುಳ್ಳು ಹೇಳಿದ ದೀಪವನ್ನು ಕೊಟ್ರಬಸಪ್ಪ ನಂಬಿಯಾನೇ? ಅದರ ಕಡೆ ತಿರುಗಿಯೂ ನೋಡಲಿಲ್ಲ. ಲೈನ್ ಸಿಗಲು ಇನ್ನೂ ಹೊತ್ತಿದೆ ಎಂದುಕೊಂಡು ಮಗಳ ಕಡೆ ವಾಲಿದ.

"ಏನವ್ವಾ, ಒಮ್ಮಿ ನಿನ್ನ ಬಾಯಿಲೆ ಹೇಳಿಬಿಡು. ಸಿರುಗುಪ್ಪದವರಿಗೆ ಹೂಂ ಅನ್ನಲೇನು?"

ವಿರೂಪಮ್ಮ ಉರಿಯುವ ದೀಪ ನೋಡಿದಳು. ಗೋಡೆಗೆ ಒರಗಿ ನಿಂತವನನ್ನು ನೋಡಿದಳು. ಆಮೇಲೆ ಕೊರಳ ಫೋನಿಗೆ ಬಾಯಿ ಹಚ್ಚಿ, ನಿಚ್ಚಳವಾಗಿ ಹೇಳಿದಳು.

"ಇಲ್ಲ."

ಉಪ್ಪಿಗೆ ಅನ್ನದ ಮಾತು, ಎಣ್ಣೆಗೆ ಅನ್ನದ ಮಾತು! ಒಳಗೆ ವೀರಭದ್ರಮ್ಮನ ಕೈಯಿಂದ ಸೌಟು ಬಿತ್ತು. ಹಾಲಸಿದ್ದಪ್ಪನಿಗೆ ಈ ಮನೆಯ ಮಾತಿನ ಮೇಲೆ ಭರವಸೆಯೇ ಹೋಗಿತ್ತು, ಇದನ್ನೂ ತಿರುಗಿಸಿ ಕೇಳಬೇಕೋ ಏನೋ ಎಂದು ದಾವಲಸಾಬನ ತೋಳು ಹಿಡಿದ. ಇಲ್ಲ ಅಂದರೆ ಇಲ್ಲ ಅಂತಲೇ ಅರ್ಥ, ಸುಮ್ಮನಿರು ಎಂದು ಅವನು ಪಿಸುಗುಟ್ಟಿದ. ಸಿರುಗುಪ್ಪದ ತುದಿಯಲ್ಲಿ ಟಕ್ ಎಂದಿತು, ಉರಿಯುತ್ತಿದ್ದ ದೀಪ ಹೆಚ್ಚಾಯಿತು. ಕೊಟ್ರಬಸಪ್ಪ ಆಗ ಹಲಗೆಯ ಕಡೆ ತಿರುಗಿ, ಯಜಮಾನರು ಅಷ್ಟೂ ಹೊತ್ತು ಕೇಳುತ್ತಿದ್ದರೆಂದು ತಿಳಿದು, ಸ್ಟೂಲಿನ ಮೇಲೆ ದೊಪ್ಪನೆ ಕೂತ. ಯಾಕವ್ವಾ ಹೀಗೆ ಮಾಡಿದೆ ಎಂದು ಕೇಳಿದ, ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು.

"ದೀಪ ಹೆಚ್ಚಾದ ಮ್ಯಾಲೂ ಆ ಕಡಿ ಒಬ್ರು ಇರ್ತಿದ್ರಪ್ಪಾ," ಎಂದಳು ಅವಳು ತಲೆ ತಗ್ಗಿಸಿ. "ತಡಕೊಂಡು ತಡಕೊಂಡು ಕೆಮ್ಮೋದು ಕೇಳ್ತಿತ್ತು. ಎರಡನೇ ದಿನದಿಂದ ನಾ ಹಾಡಿದ್ದೆಲ್ಲಾ ಅವರಿಗೇ."

ಹಾಲಸಿದ್ದಪ್ಪನ ಕಿವಿ ಕೆಂಪಾಯಿತು. ಕೊಟ್ರಬಸಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾರ ಮನೆಯವನಪ್ಪಾ ನೀನು, ನಿನಗೆ ಹಿರಿಯರು ಯಾರಿದ್ದಾರೆ ಎಂದು ಕೇಳಿದ. ಇದೇ ಪ್ರಶ್ನೆಗೂ ಹೆದರಿ ಅವನು ಇಷ್ಟು ದಿನ ಈ ಊರಿನ ಬಸ್ಸು ಹತ್ತಿರಲಿಲ್ಲ. ಯಾರೂ ಇಲ್ಲ ಎಂದು ಹೇಳಲು ಅವನ ತುಟಿ ಬಿಚ್ಚಿತು. ಅದಕ್ಕೆ ಮುಂಚೆ ದಾವಲಸಾಬ್ ಹೊಸ್ತಿಲಿನಿಂದ ಎದ್ದು, ಟೊಪ್ಪಿಗೆ ಸರಿಮಾಡಿಕೊಂಡು, ಬೀಗರ ಮನೆಯಲ್ಲಿ ಕೂರುವ ಹಾಗೆ ಪಡಸಾಲೆಯ ಚಾಪೆಯ ಮೇಲೆ ಹೋಗಿ ಕೂತ.

"ಹುಡುಗನ ಕಡಿಯವರು ನಾವಽ ಅದೀವ್ರಿ," ಎಂದ. "ಹೆಣ್ಣು ಕೇಳಾಕ ಬಂದೀವಿ."

ಹಾಲಸಿದ್ದಪ್ಪನ ಕಣ್ಣು ತುಂಬಿ ಬಂದು ಪಡಸಾಲೆಯೆಲ್ಲ ಮಸುಕಾಯಿತು. ಕೊಟ್ರಬಸಪ್ಪ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದ. ಅವಳು ಸೆರಗು ಸರಿಮಾಡಿಕೊಂಡು ಗೋಣು ಹಾಕಿದಳು. ಹಾಗಾದರೆ ಹುಡುಗನೂ ಒಂದು ಮಾತು ಹೇಳಲಿ, ನಮ್ಮ ಮಗಳನ್ನು ಮಾಡಿಕೊಳ್ಳುತ್ತಾನೋ ಹೇಗೆ ಎಂದ ಕೊಟ್ರಬಸಪ್ಪ. ಎಲ್ಲರೂ ಹಾಲಸಿದ್ದಪ್ಪನ ಕಡೆ ತಿರುಗಿದರು. ಹೂಂ ಎನ್ನಬೇಕು, ಒಂದೇ ಒಂದು ಅಕ್ಷರ. ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ.

ವಿರೂಪಮ್ಮ ಕೊರಳ ಫೋನು ಬಿಚ್ಚಿಟ್ಟಳು.

"ಕೆಮ್ಮಿದ್ರೂ ನಡೀತೈತ್ರಿ," ಎಂದಳು.

ಹಾಲಸಿದ್ದಪ್ಪ ಕೆಮ್ಮಿದ. ಮನೆ ತುಂಬ ಕೇಳುವ ಹಾಗೆ ಕೆಮ್ಮಿದ.