ಹೊಟ್ಟೆ ಬಿಟ್ಟ ಹಳದಿ ಗೆರೆ

“ಸರಿಯಾಗಿ ಎಳಿಯೇ. ಆಫೀಸಲ್ಲಿ ಟೇಪು ಹಿಡಿದೂ ಹಿಡಿದೂ ಹೊದಿಕೆ ಹಿಡಿಯೋದೇ ಮರೆತುಹೋಯ್ತಾ?” ಎಂದಳು ಅಕ್ಕ.

ತಂಗಿ ತನ್ನ ಕಡೆಯ ಎರಡು ತುದಿಗಳನ್ನೂ ಬಿಗಿಯಾಗಿ ಎಳೆದು ನಿಂತಳು. ಜೋಡಿ ಮಂಚದ ಹೊದಿಕೆ, ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ರಜೆಯ ದಿನ ತಂಗಿ ಬರುವುದು, ನಡುಮನೆಯಲ್ಲಿ ಇಬ್ಬರೂ ಎದುರುಬದುರು ನಿಂತು ವಾರದ ಬಟ್ಟೆ ಮಡಿಸುವುದು ಎಷ್ಟೋ ವರ್ಷಗಳಿಂದ ನಡೆದುಬಂದ ರೂಢಿ. ದೊಡ್ಡ ಬಟ್ಟೆ ಮಡಿಸುವಾಗ ತುದಿಗೆ ತುದಿ ಸೇರಿಸಲು ಹತ್ತಿರ ಬರಬೇಕು, ಮತ್ತೆ ಹಿಂದೆ ಸರಿಯಬೇಕು. ಹತ್ತಿರ ಬಂದಾಗ ಅಕ್ಕನ ಮುಖ ನೋಡುವುದು ಈಚೆಗೆ ತಂಗಿಗೆ ಕಷ್ಟವಾಗಿತ್ತು. ಅವಳು ಬಟ್ಟೆಯ ಅಂಚನ್ನೇ ನೋಡುತ್ತಿದ್ದಳು.

ಕಾರಣ ಬೀದಿಬಾಗಿಲ ಹೊರಗಿತ್ತು. ಮನೆಯ ಮುಂಗೋಡೆಗೆ ಒತ್ತಿಕೊಂಡು ಒಂದು ಕಲ್ಲಿನ ಕಟ್ಟೆ. ಅದರ ಮೇಲೆ ಈ ಹೊತ್ತಿನಲ್ಲೂ ಭಾವ ಕಾಲು ನೀಡಿ ಕೂತಿದ್ದರು. ಭಾವ ಗಾರೆ ಕೆಲಸದ ಮೇಸ್ತ್ರಿ. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ತಾವೇ ಕಟ್ಟಿದ ಆ ಕಟ್ಟೆಯ ಮೇಲೆ ಹೋಗಿಬರುವವರ ಸುದ್ದಿ ಕೇಳುತ್ತ ದಿನ ಕಳೆಯುವವರು. ಕಟ್ಟೆಯಲ್ಲಿ ಒಂದು ದೋಷವೂ ಇರಲಿಲ್ಲ, ಅದು ರಸ್ತೆಯ ಜಾಗದಲ್ಲಿ ನಿಂತಿದೆ ಎಂಬುದೊಂದನ್ನು ಬಿಟ್ಟರೆ.

ರಸ್ತೆಯ ಜಾಗ ನೋಡಿಕೊಳ್ಳುವುದೇ ತಂಗಿಯ ಕೆಲಸ. ನಗರಸಭೆಯ ರಸ್ತೆ ವಿಭಾಗದಲ್ಲಿ ಅವಳು ನಕ್ಷೆ ಹಿಡಿದು ಅಳೆಯುತ್ತಾಳೆ. ಬೀದಿ ಎಲ್ಲಿಗೆ ಮುಗಿಯಿತು, ಮನೆಯವರ ಜಾಗ ಎಲ್ಲಿಂದ ಶುರುವಾಯಿತು ಎಂದು ನೋಡಿ ಹಳದಿ ಗೆರೆ ಹಾಕಿಸುತ್ತಾಳೆ. ಅದಕ್ಕೇ ಊರಿನವರ ಬಾಯಲ್ಲಿ ಅವಳು ಗೆರೆಯಮ್ಮ. ಅವಳದೊಂದು ಪದ್ಧತಿ ಇತ್ತು: ಮೊದಲು ಬಾಗಿಲಿಗೆ ಹೋಗಿ ಮಾತಾಡುವುದು, ಆಮೇಲೆ ಗೆರೆ, ಆಮೇಲೆ ಕಾಗದ. ಗೆರೆಯಿಂದ ಹೊರಗಿರುವುದನ್ನು ನೀವೇ ತೆಗೆಸಿಬಿಡಿ ಎನ್ನುವ ಆ ಕಾಗದ ಮಾತಿಗಿಂತ ಮುಂಚೆ ಹೋದರೆ ಜನ ಸಿಡಿಮಿಡಿಗೊಳ್ಳುತ್ತಾರೆ ಎಂದು ಅವಳಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ತಿಳಿದಿತ್ತು.

ಅಕ್ಕನ ಬೀದಿಯಲ್ಲಿ ಹೊಸ ನೀರಿನ ಪೈಪು ಹೂಳಿ, ಅದರ ಮೇಲೆ ಫುಟ್‌ಪಾತ್ ಮಾಡಬೇಕಾಗಿತ್ತು. ಗೆರೆಯಮ್ಮ ಎಲ್ಲರ ಮನೆಗೂ ಹೋಗಿ ಮಾತಾಡಿದಳು. ಅಕ್ಕನ ಮನೆಗೆ ಮಾತ್ರ ವಾರವಾರ ಬಂದರೂ ಮಾತು ನಾಲಗೆಯ ತುದಿಯವರೆಗೆ ಬಂದು ವಾಪಸು ಹೋಗುತ್ತಿತ್ತು. ಮಾತು ಆಗದೆ ಕಾಗದ ಕಳಿಸುವಂತಿಲ್ಲ. ಹೀಗಾಗಿ ಅಕ್ಕನ ಹೆಸರಿನ ಕಾಗದ ಅವಳ ಮೇಜಿನ ಡ್ರಾಯರಿನಲ್ಲಿ ಬೆಚ್ಚಗೆ ಮಲಗಿತ್ತು.

ಅಮ್ಮ ಹೋದ ಮೇಲೆ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅಕ್ಕ. ಅವಳ ಅಕ್ಕರೆ ಎಷ್ಟು ಗಟ್ಟಿಯೋ ಮುನಿಸೂ ಅಷ್ಟೇ ಗಟ್ಟಿ. ಒಮ್ಮೆ ಕಡ ಕೊಟ್ಟ ಬಾಣಲೆಯನ್ನು ತಂಗಿ ತಳ ಸೀಯಿಸಿ ತಂದುಕೊಟ್ಟಳೆಂದು ಒಂದಿಡೀ ಬೇಸಿಗೆ ಮಾತು ಬಿಟ್ಟಿದ್ದಳು. ಬಾಣಲೆಗೇ ಅಷ್ಟಾದರೆ ಕಟ್ಟೆಗೆ ಎಷ್ಟಾದೀತು ಎಂಬುದು ತಂಗಿಯ ಲೆಕ್ಕ.

“ಬರೋವಾಗ ಹೊರಗೆ ಗೆರೆ ನೋಡಿದ್ಯಾ?” ಅಕ್ಕ ಹೊದಿಕೆ ಕೊಡವುತ್ತ ಕೇಳಿದಳು.

ನೋಡಿದ್ದಳು. ನೋಡಿ, ನೋಡದವಳಂತೆ ಒಳಗೆ ಬಂದಿದ್ದಳು. ಆಫೀಸಿನ ಬಣ್ಣದವನಿಗೆ “ಆ ಮನೆ ಮುಂದೆ ಸದ್ಯಕ್ಕೆ ಹಾಕ್ಬೇಡಪ್ಪಾ, ಆಮೇಲೆ ನೋಡೋಣ” ಎಂದು ಹೇಳಿದವಳು ಅವಳೇ. ಆದರೆ ನಡುವೆ ಕಡಿದುಹೋದ ಗೆರೆ ಕಂಡರೆ ಆ ಪುಣ್ಯಾತ್ಮನಿಗೆ ಉಂಡ ಅನ್ನ ಸೇರುವುದಿಲ್ಲ. ಬೀದಿಯುದ್ದಕ್ಕೂ ದಾರ ಹಿಡಿದಂತೆ ನೇರ ಬಂದವನು, ಅಕ್ಕನ ಕಟ್ಟೆಯ ಹತ್ತಿರ ಕುಂಚವನ್ನು ದುಂಡಗೆ ಸುತ್ತಿಸಿ, ಕಟ್ಟೆಯನ್ನು ಮನೆಯ ಬದಿಗೆ ಸೇರಿಸಿ, ಮತ್ತೆ ನೇರ ಮಾಡಿಕೊಂಡು ಹೋಗಿದ್ದ. ಪೈಪಿನವರು ಬಂದರೆ ಆ ಗೆರೆಯನ್ನೇ ನಂಬಿ ಅಗೆಯುವವರು.

“ಬೀದಿಗೆಲ್ಲ ನೆಟ್ಟಗೆ ಬಂದ ಗೆರೆ ನಮ್ಮ ಬಾಗಿಲಿಗೆ ಬಂದ ಕೂಡ್ಲೆ ಹೊಟ್ಟೆ ಬಿಟ್ಟಿದೆ. ಎದುರುಮನೆ ದರ್ಜಿ ಏನಂದ ಗೊತ್ತಾ? ‘ಯಾರ ಅಕ್ಕನ ಮನೆ ಅಂತ ಗೆರೆಗೂ ಗೊತ್ತಕ್ಕಾ’ ಅಂದ. ಬೇಕಾದ್ರೆ ಅಳತೆ ಕೊಡಿ, ಆ ಹೊಟ್ಟೆಗೊಂದು ಅಂಗಿ ಹೊಲಿದುಕೊಡ್ತೀನಿ ಅಂದ.”

ತಂಗಿಗೆ ನಗು ಬಂತು. ಅಕ್ಕನ ಹುಬ್ಬು ನೋಡಿ ಬಂದ ನಗುವನ್ನು ಹಾಗೇ ನುಂಗಿಕೊಂಡಳು.

“ನನ್ನ ಕಾಗದ ಎಲ್ಲಿ?”

“ಯಾವ ಕಾಗದ?”

“ಅಯ್ಯೋ ಪಾಪ, ಯಾವ ಕಾಗದ ಅಂತೆ! ದರ್ಜಿಗೆ ಬಂತು. ಮೂಲೆಮನೆ ನರ್ಸಮ್ಮನಿಗೆ ಬಂತು. ಹೂಕುಂಡದ ಮೇಷ್ಟ್ರಿಗೂ ಬಂತು. ಪೋಸ್ಟಿನವನು ಎಲ್ಲರ ಬಾಗಿಲಲ್ಲೂ ನಿಂತು ಸಹಿ ಹಾಕಿಸ್ಕೊಂಡ. ನಾನೂ ಕನ್ನಡಕ ಏರಿಸ್ಕೊಂಡು, ಪೆನ್ನು ಹಿಡ್ಕೊಂಡು ನಿಂತಿದ್ದೆ. ನನ್ನ ಬಾಗಿಲು ದಾಟಿ ಹೋಗೇಬಿಟ್ಟ.”

“ನಿಂಗೆ ಬೇಜಾರಾಗುತ್ತೆ ಅಂತ ನಾನೇ...”

“ಬೇಜಾರು ಈಗ ಆಗಿದೆ ಕಣೇ. ನಾನೇನು ಈ ಬೀದಿಯವಳಲ್ವಾ? ದರ್ಜಿ ತನ್ನ ಮೆಟ್ಟಿಲು ತಾನೇ ಒಡೆಸಿದ. ಈಗ ಗಿರಾಕಿಗಳು ಬಂದ್ರೆ ಹಲಗೆ ಇಡ್ತಾನೆ. ಅವನ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ? ನಾಳೆ ಜನ ನಿನ್ನ ಕಡೆ ಬೆಟ್ಟು ಮಾಡಿ ಆಡ್ಕೊಳ್ಳಲಿ ಅಂತಾನಾ ನಿನ್ನ ಓದಿಸಿದ್ದು?”

ತಂಗಿಯ ಕೈಯಿಂದ ಹೊದಿಕೆ ಜಾರಿತು. ಇಷ್ಟು ದಿನ ಅವಳು ಹೆದರಿದ್ದು ಕಾಗದ ಹೋದರೆ ಅಕ್ಕ ಮುನಿದಾಳೆಂದು. ಹೋಗದ್ದಕ್ಕೇ ಮುನಿದಾಳು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಭಾವ ಎಲ್ಲಿ ಕೂತ್ಕೋತಾರೆ ಅಕ್ಕಾ? ಅವರಿಗಿರೋದೇ ಅದೊಂದು ಜಾಗ,” ಎಂದಳು ಸಣ್ಣ ದನಿಯಲ್ಲಿ.

ಕಿಟಕಿಯಾಚೆಯಿಂದ ಭಾವನ ಗಂಟಲು ಕೇಳಿಸಿತು. “ನನ್ನ ಹೆಸರು ಬಂತಲ್ಲ. ಬಾ ತಾಯಿ ಇಲ್ಲಿ, ನಿಂಗೊಂದು ತೋರಿಸ್ತೀನಿ.”

ತಂಗಿ ಹೊರಗೆ ಹೋದಳು. ಭಾವ ಗೋಡೆ ಹಿಡಿದು ಎದ್ದು ನಿಂತು, ತಾವು ಕೂತಿದ್ದ ಚಪ್ಪಡಿಯ ಅಂಚಿಗೆ ಕೈ ಕೊಟ್ಟು ಮೀಟಿದರು. ಅಷ್ಟಗಲದ ಕಲ್ಲು ಗಡಗಡ ಅಲ್ಲಾಡಿತು. ಕೆಳಗಿನ ಕಲ್ಲುಗಳೂ ಒಂದರ ಮೇಲೊಂದು ಬರೀ ಕೂತಿದ್ದವು. ಗಾರೆಯಿಲ್ಲ, ಸಿಮೆಂಟಿಲ್ಲ.

“ಊರವರ ಗೋಡೆಗೆಲ್ಲ ಗಾರೆ ಮೆತ್ತಿದೋನು ನನ್ನ ಕಟ್ಟೆಗೆ ಮೆತ್ತಲಿಲ್ಲ. ಜಾಗ ಬೀದಿಯದ್ದು. ಬೀದಿ ಕೇಳಿದ ದಿನ ಎತ್ತಿಕೊಡ್ಬೇಕಲ್ಲ,” ಎಂದರು ಭಾವ. “ನಿಮ್ಮಕ್ಕನಿಗೆ ಹೇಳಿರ್ಲಿಲ್ಲ. ಹೇಳಿದ್ರೆ ಇವತ್ತು ಈ ಬದಿಗೆ, ನಾಳೆ ಆ ಮೂಲೆಗೆ ಅಂತ ದಿನಾ ಕಟ್ಟೆ ಜಾಗ ಬದಲಾಯಿಸ್ತಿದ್ಲು.”

“ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ!” ಬಾಗಿಲಲ್ಲಿ ನಿಂತ ಅಕ್ಕ ಮೂಗು ಮುರಿದಳು. “ಕೂತಾಗೆಲ್ಲ ಕಟಕಟ ಅನ್ನುತ್ತೆ. ಮಂಡಿ ಸದ್ದು ಅಂತ ನನಗೇ ಹೇಳ್ತಾರೆ. ಅತ್ತ ನೋಡು.”

ಮನೆಯ ಮಗ್ಗುಲಲ್ಲಿ, ಸಣ್ಣ ಗೇಟಿನ ಒಳಗೆ ಬಟ್ಟೆ ಒಗೆಯುವ ಕಲ್ಲು ಇರುತ್ತಿತ್ತು. ಈಗ ಅದು ಹಿಂದಕ್ಕೆ ಸರಿದು ಆ ಜಾಗ ಖಾಲಿಯಾಗಿತ್ತು. ನೆಲ ಗುಡಿಸಿ ಸಮ ಮಾಡಿಯಾಗಿತ್ತು.

“ಕಟ್ಟೆ ಅಲ್ಲಿಗೆ ಬರುತ್ತೆ. ಇವರಿಗೆ ಬೀದಿನೂ ಕಾಣುತ್ತೆ, ಮಧ್ಯಾಹ್ನದ ಬಿಸಿಲೂ ತಪ್ಪುತ್ತೆ.”

“ಹಾಗಾದ್ರೆ ಇವತ್ತೇ ಎತ್ತಿಸಿಬಿಡೋಣ್ವಾ?”

“ಕಾಗದ ಬರದೆ ಒಂದು ಕಲ್ಲೂ ಅಲ್ಲಾಡಲ್ಲ.”

“ಸರಿ ಮಾರಾಯ್ತಿ, ನಾಳೆ ನಾನೇ ಕೈಯಲ್ಲಿ ತಂದುಕೊಡ್ತೀನಿ.”

“ಕೈಯಲ್ಲಿ ತರೋಕೆ ಅದೇನು ಬಾಣಲೆನಾ?” ಎಂದಳು ಅಕ್ಕ. “ಎಲ್ಲರಿಗೂ ಹೇಗೆ ಬಂತೋ ಹಾಗೇ ಬರ್ಲಿ. ಪೋಸ್ಟಿನವನು ಕೂಗ್ಬೇಕು, ದರ್ಜಿ ಮಿಷನ್ ನಿಲ್ಲಿಸಿ ನೋಡ್ಬೇಕು, ನಾನು ಸಹಿ ಹಾಕ್ಬೇಕು.”

ಭಾವ ಮೀಸೆಯಡಿಯಲ್ಲೇ ನಕ್ಕು ಮತ್ತೆ ಕೂತರು. ಕಟ್ಟೆಯೋ ಮಂಡಿಯೋ, ಯಾವುದೋ ಒಂದು ಕಟಕ್ಕೆಂದಿತು.

ಅಕ್ಕತಂಗಿಯರು ಒಳಗೆ ಹೋಗಿ ನೆಲದಲ್ಲಿದ್ದ ಹೊದಿಕೆಯನ್ನು ಎತ್ತಿ ಕೊಡವಿದರು. ತುದಿಗೆ ತುದಿ ಸೇರಿಸಲು ಹತ್ತಿರ ಬಂದಾಗ ತಂಗಿ ಈ ಸಲ ಮುಖವೆತ್ತಿ ನೋಡಿದಳು. ಅಕ್ಕನ ಮೂಗಿನ ಮೇಲೆ ಕನ್ನಡಕ ಒತ್ತಿದ ಗುರುತು ಎರಡು ಕಡೆಯೂ ಕೆಂಪಗಿತ್ತು. ರಜೆಯ ದಿನವೂ ಎಷ್ಟು ಬೆಳಗ್ಗೆ ಅದನ್ನು ಏರಿಸಿಕೊಂಡು ಬಾರದ ಪೋಸ್ಟಿನವನ ದಾರಿ ಕಾದಿದ್ದಳೋ ಏನೋ.

ಮರುದಿನ ಆಫೀಸಿಗೆ ಹೋದ ಕೂಡಲೇ ಬಣ್ಣದವನು ಮೇಜಿನ ಹತ್ತಿರ ಬಂದ.

“ಮೇಡಂ, ಆ ಬೀದಿ ಗೆರೆ ನೋಡಿದ್ರಾ? ಒಂದು ಕಡೇನೂ ಕಡಿದಿಲ್ಲ.”

“ಕಡಿದಿಲ್ಲಪ್ಪಾ, ಆದ್ರೆ ಹೊಟ್ಟೆ ಬಂದಿದೆ. ಕರಗಿಸ್ಬೇಕು.”

“ಕರಗುತ್ತೆ ಬಿಡಿ,” ಎಂದ ಅವನು, ಗುಟ್ಟು ಹೇಳುವವನಂತೆ ಬಗ್ಗಿ. “ಅಷ್ಟು ಭಾಗಕ್ಕೆ ಬಣ್ಣ ತೆಳ್ಳಗೆ ಕಲಸಿದ್ದೆ. ಉಜ್ಜಿದ್ರೆ ಬಂದುಬಿಡುತ್ತೆ. ನೀವು ಇವತ್ತಲ್ಲ ನಾಳೆ ಹೇಳೇ ಹೇಳ್ತೀರಿ ಅಂತ ನಂಗೆ ಗೊತ್ತಿತ್ತು.”

ತನ್ನನ್ನು ಬಿಟ್ಟು ಎಲ್ಲರಿಗೂ ಎಲ್ಲವೂ ಗೊತ್ತಿದ್ದಂತೆ ಕಂಡಿತು ಗೆರೆಯಮ್ಮನಿಗೆ. ಕೋಪವೇನೂ ಬರಲಿಲ್ಲ, ಭುಜದ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ಡ್ರಾಯರಿನಿಂದ ಕಾಗದ ತೆಗೆದಳು. ತಾರೀಕು ಹಳತಾಗಿತ್ತು. ಹೊಸದಾಗಿ ಟೈಪು ಮಾಡಿ ಎಂಜಿನಿಯರ್ ಮುಂದೆ ಇಟ್ಟಳು. ಅವರು ಹೆಸರು ಓದಿ, ತಲೆಯೆತ್ತಿ ಅವಳನ್ನು ನೋಡಿ, “ಅಂತೂ ಕಾಲ ಕೂಡಿಬಂತು ಅನ್ನಿ,” ಎಂದು ಸಹಿ ಮಾಡಿದರು.

ಟಪಾಲಿನ ಗುಮಾಸ್ತ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಇದು ನಿಮ್ಮಕ್ಕನ ಮನೆ ಅಲ್ವಾ? ಸಂಜೆ ಹೋಗ್ತಾ ನೀವೇ ಕೊಟ್ಟರೆ ಆಗ್ತಿತ್ತು.”

“ನಾನು ಕೊಟ್ಟರೆ ತಗೊಳ್ಳಲ್ಲ ಮಾರಾಯಾ. ರಿಜಿಸ್ಟರ್ ಮಾಡು. ಮುದ್ರೆ ಚೆನ್ನಾಗಿ ಬೀಳ್ಲಿ, ಎದುರುಮನೆಗೂ ಕಾಣೋ ಹಾಗೆ.”

ಗುಮಾಸ್ತ ಮುದ್ರೆಗೆ ಮಸಿ ಹಚ್ಚಿ, ಕೈ ಮೇಲೆತ್ತಿ ಧಪ್ಪೆಂದು ಹಾಕಿದ. ಮಸಿ ಆರಲೆಂದು ಗೆರೆಯಮ್ಮ ಊದಿದಳು. ಆಮೇಲೆ ತಾನೇ ಲಕೋಟೆಯನ್ನು ಟಪಾಲು ಚೀಲದೊಳಗೆ ಹಾಕಿದಳು. ಗುಮಾಸ್ತ ಚೀಲದ ಬಾಯಿಗೆ ಹುರಿ ಬಿಗಿದು, ಹೊರಡಲು ನಿಂತಿದ್ದ ಜವಾನನ ಹೆಗಲಿಗೆ ಏರಿಸಿದ.