ನೂರು ವರ್ಷದ ಫೋಟೋ

"ಎಂತದ್ದು ನಿಮ್ಮದು? ಹೊಟ್ಟೆಯಲ್ಲಿ ಕೊಡಪಾನ ಇಟ್ಕೊಂಡು ಬಂದಿದ್ದೀರಾ? ಗಳಿಗೆಗೊಮ್ಮೆ ಉಚ್ಚೆ! ಬೇವರ್ಸಿಗಳು! ಮೇಡಂ ಬಂದು ಹೋಗುವವರೆಗೆ ಒಬ್ಬಳೂ ಏಳಬಾರದು, ಮಿಷನ್ ಖಾಲಿ ಕಾಣಬಾರದು."

ಅಬ್ದುಲ್ ನಾಸಿರ್ ಕಕ್ಕಸಿಗೆ ಬೀಗ ಜಡಿದು ಕೀಯನ್ನು ಜೇಬಿಗೆ ಇಳಿಸಿದ. ಬಿ.ಸಿ.ರೋಡಿನ ಈ ಹೊಲಿಗೆ ಶೆಡ್ಡಿನ ಧಣಿ ಅವನೇ. ದುಬೈಯಲ್ಲಿ ಕಂಡಕಂಡವರಿಂದ ಬೈಸಿಕೊಂಡು ಬಂದವನು, ಅದನ್ನೆಲ್ಲ ಇಲ್ಲಿ ಬಡ್ಡಿ ಸಮೇತ ತೀರಿಸುತ್ತಿದ್ದ.

ರುಕಿಯಾ ಪಕ್ಕದ ಮಿಷನ್ನಿನ ಕಡೆ ನೋಡಿದಳು. ಅವಳ ತಮ್ಮನ ಹೆಂಡತಿ ಶಹಲಾ, ತುಂಬು ಬಸುರಿ, ತೊಡೆ ಬಿಗಿಹಿಡಿದು ಕಾಲರ್ ಹೊಲಿಯುತ್ತಿದ್ದಳು. ಹಿಂದೊಮ್ಮೆ ಹೀಗೇ ತಡೆದು ತಡೆದು ನಂಜೇರಿ ಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಇನ್ನೊಮ್ಮೆ ಹೀಗಾದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು.

"ನಾಸಿರಾಕ, ಇವಳನ್ನೊಬ್ಬಳನ್ನು ಬಿಡಿ," ಎಂದಳು ರುಕಿಯಾ. ಅಣ್ಣ ಎನ್ನುವ ಹಾಗೆ ಅವನ ಹೆಸರಿಗೆ 'ಆಕ' ಸೇರಿಸಿಯೇ ಎಲ್ಲರೂ ಕರೆಯುತ್ತಿದ್ದರು.

"ನಮ್ಮ ಜಮಾತಿನವರು ಅಂತ ಕೆಲಸ ಕೊಟ್ಟದ್ದೇ ನನ್ನ ತಪ್ಪು. ಮುಚ್ಚಿಕೊಂಡು ಹೊಲಿ!"

ಕಾರು ಬಂತು. ಇಂಗ್ಲೆಂಡಿನ ಮೇಡಂ ಕ್ಯಾಮರಾ ಹಿಡಿದು ಇಳಿದಳು. ನಾಸಿರನ ಬಾಯಲ್ಲಿ ಒಮ್ಮೆಲೇ ಜೇನು. ಅವಳ ಮಾತನ್ನು ಅವನೇ ಕನ್ನಡಕ್ಕೆ ಇಳಿಸಿದ. ಇಲ್ಲಿ ಹೊಲಿದ ಅಂಗಿಗಳನ್ನು ಕೊಳ್ಳುವ ಅವಳ ಕಂಪೆನಿ ಶುರುವಾಗಿ ನೂರು ವರ್ಷವಂತೆ. ಮೊದಲ ಸಾಹೇಬ ಸೈಕಲಿನಲ್ಲಿ ಬಟ್ಟೆ ಹೇರಿಕೊಂಡು ಕೂಲಿಯವರ ಕೇರಿಗಳಲ್ಲಿ ಮಾರಿದವನಂತೆ. ಆಮೇಲೆ ಚಿತ್ರಗಳ ದಪ್ಪ ಪುಸ್ತಕ ಅಚ್ಚು ಹಾಕಿಸಿ ಮನೆಮನೆಗೆ ಕಳಿಸಿದ. ಹೆಂಗಸರು ಚಿತ್ರ ನೋಡಿ ಕಾಗದ ಹಾಕಿದರೆ ಸಾಕು, ಅಂಚೆಯಲ್ಲಿ ಅಂಗಿ ಬರುತ್ತಿತ್ತು. ಈಗ ನೂರರ ನೆನಪಿಗೆ ಒಂದು ಪುಸ್ತಕ, ಅದರಲ್ಲಿ ಹೊಲಿಯುವವರ ಫೋಟೋ ಬೇಕು.

"ಸುಖವಾಗಿದ್ದೀರಾ ಅಂತ ಕೇಳ್ತಾರೆ."

"ಕಕ್ಕಸಿಗೆ ಬೀಗ ಹಾಕಿದ್ದಾರೆ, ಇಲ್ಲೊಬ್ಬಳು ಬಸುರಿ ಸಾಯ್ತಾ ಇದ್ದಾಳೆ ಅಂತ ಹೇಳಿ," ಎಂದಳು ರುಕಿಯಾ.

ನಾಸಿರ್ ನಗುನಗುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಿದ. ಮೇಡಂ ಎದೆ ಮುಟ್ಟಿಕೊಂಡು "ಥ್ಯಾಂಕ್ಯೂ, ಥ್ಯಾಂಕ್ಯೂ" ಅಂದಳು. ಅವನು ಹೇಳಿದ್ದು ಬೇರೇನೋ ಎಂದು ರುಕಿಯಾಳಿಗೆ ತಿಳಿಯಿತು. ಎಂಥ ಹರಾಮಕೋರ ಇವನು!

"ಫೋಟೋ! ಎಲ್ಲ ಹೆಬ್ಬೆರಳು ಎತ್ತಿ, ಹಲ್ಲು ತೋರಿಸಿ."

ಶಹಲಾಳ ಕಣ್ಣಲ್ಲಿ ನೀರು ತುಂಬಿತ್ತು. ರುಕಿಯಾ ಎದ್ದಳು. ಹೆಬ್ಬೆರಳು ಮಡಚಿ ಕಿರುಬೆರಳು ಎತ್ತಿದಳು. ವಿಟ್ಲದ ಶಾಲೆಯಲ್ಲಿ ಒಂದಕ್ಕೆ ಹೋಗಲು ಮೇಷ್ಟ್ರ ಎದುರು ಎತ್ತುತ್ತಿದ್ದ ಬೆರಳು ಅದು. ಹಿಂದಿನ ಸಾಲಿನ ಪುಷ್ಪಾವತಿ ಕಿಸಕ್ಕನೆ ನಕ್ಕು ತನ್ನದನ್ನೂ ಎತ್ತಿದಳು. ಆಮೇಲೆ ಶೆಡ್ಡಿಗೆ ಶೆಡ್ಡೇ ಎತ್ತಿತು.

ಮೇಡಂಗೆ ಖುಷಿಯೋ ಖುಷಿ. ಇದು ಈ ಊರಿನ ನಮಸ್ಕಾರವೆಂದೇ ತಿಳಿದಳು, ಪಾಪ. ಫೋಟೋ ಹೊಡೆದು, ತಾನೂ ಕಿರುಬೆರಳು ಎತ್ತಿ ನಾಸಿರನ ಮೂಗಿನ ಎದುರು ಆಡಿಸಿದಳು.

"ಬೆರಳು ಇಳಿಸಿ, ರಂಡೆಗಳಾ," ನಾಸಿರ್ ಹಲ್ಲು ಕಿರಿದುಕೊಂಡೇ ಗದರಿದ. ಒಬ್ಬಳೂ ಇಳಿಸಲಿಲ್ಲ.

ರುಕಿಯಾ ಒಂದು ಕೈಯಲ್ಲಿ ಶಹಲಾಳನ್ನು ಎಬ್ಬಿಸಿದಳು, ಇನ್ನೊಂದರಲ್ಲಿ ಮೇಡಂನ ಮಣಿಕಟ್ಟು ಹಿಡಿದಳು. ಇಬ್ಬರನ್ನೂ ಸೀದಾ ಕಕ್ಕಸಿನ ಬಾಗಿಲಿಗೆ ತಂದು ನಿಲ್ಲಿಸಿದಳು. ಮೇಡಂ ಇನ್ನೂ ನಗುತ್ತಲೇ ಇದ್ದಳು, ಕಿರುಬೆರಳು ಎತ್ತಿಕೊಂಡೇ.

"ಏ ನಾಸಿರ್," ಎಂದಳು ರುಕಿಯಾ, ಆಕ ಗೀಕ ಏನೂ ಸೇರಿಸದೆ. "ನಿನ್ನ ಮೇಡಂಗೂ ಉಚ್ಚೆ ಬರ್ತಾ ಉಂಟಂತೆ. ಬೀಗ ತೆಗಿ."